ಒಂದೂವರೆ ದಿನ ಉಳಿಸಿದ ಕಥೆ

ಮೊನ್ನೆ ಕಾಫಿ ಗಿಡಕ್ಕೆ ಮಳೆಯ ಹಾಗೆ ನೀರು ಚಿಮ್ಮಿಸುವ ಜೆಟ್ ಪೈಪುಗಳನ್ನು ಗೋಡೌನಿನಿಂದ ಹೊರಗೆ ಹಾಕಿಸುವಾಗ ಮೇಸ್ತ್ರಿ ನನ್ನ ಮುಖ ನೋಡಿ ಸುಮ್ಮನೆ ನಕ್ಕರು. ಯಾಕೆ ಅಂತ ನಾನು ಕೇಳಲಿಲ್ಲ. 2024ರ ಬ್ಲಾಸಮ್, ಅಂದರೆ ಕಾಫಿ ಹೂ ಅರಳುವ ಕಾಲ, ಇಬ್ಬರಿಗೂ ನೆನಪಿದೆ.

ನಾನು ಚಿಕ್ಕಮಗಳೂರಿನ ಆಲ್ದೂರು ಕಡೆಯ ಒಂದು ಕಾಫಿ ತೋಟದಲ್ಲಿ ಅಸಿಸ್ಟೆಂಟ್. ರೋಬಸ್ಟಾ 45 ಎಕರೆ, ಉಳಿದದ್ದು ಅರೇಬಿಕಾ. ಆ ವರ್ಷ ಸಾಹುಕಾರ್ರು ವಿಯೆಟ್ನಾಂ ಟೂರ್ ಮುಗಿಸಿಕೊಂಡು ಬಂದಿದ್ದರು. ಬಂದವರ ಬಾಯಲ್ಲಿ ಒಂದೇ ಮಾತು: ‘ಡಾಕ್ ಲಾಕ್‌ನಲ್ಲಿ ಹೆಕ್ಟೇರಿಗೆ ಎರಡೂವರೆ ಟನ್ ತೆಗೀತಾರೆ ಕಣಯ್ಯ, ನಾವು ಇನ್ನೂ ಒಂದು ಟನ್ನಿನ ಹತ್ತಿರವೇ ಹೊರಳಾಡ್ತಿದ್ದೀವಿ.’ ಮಾತು ಸುಳ್ಳಲ್ಲ. 1986ರಲ್ಲಿ ಆ ದೇಶ ಆರ್ಥಿಕ ಸುಧಾರಣೆಗೆ ಕೈಹಾಕಿದಾಗ ಅಲ್ಲಿನ ಕಾಫಿಯನ್ನು ಕೇಳುವವರೇ ಇರಲಿಲ್ಲ. ಬಾಬಾ ಬುಡನ್ ಕಾಲದಿಂದ ಕಾಫಿ ಬೆಳೆಯುತ್ತಿರುವ ನಮ್ಮನ್ನು ಹದಿನೈದು ವರ್ಷದೊಳಗೆ ಹಿಂದೆ ಹಾಕಿ, ಬ್ರೆಜಿಲ್ ಪಕ್ಕದಲ್ಲಿ ಹೋಗಿ ಕೂತರು.

ಟೂರಿನ ಜೊತೆಗೆ ಬೆಂಗಳೂರಿನಿಂದ ಒಬ್ಬ ಕನ್ಸಲ್ಟೆಂಟ್ ಕೂಡ ಬಂದ. ತೋಟ ನೋಡಿದ್ದು ಅರ್ಧ ದಿನ, ಬಿಟ್ಟುಹೋದದ್ದು ಒಂದು ಎಕ್ಸೆಲ್ ಶೀಟು. ಅದರಲ್ಲಿ ‘ಎಕರೆ/ದಿನ’ ಅಂತ ಒಂದು ಕಾಲಂ, ದಿನಕ್ಕೆ ಎಷ್ಟು ಎಕರೆಗೆ ನೀರು ಹೊಡೆದೆವು ಅಂತ. ಟಾರ್ಗೆಟ್ ಎಂಟು. ಅದಕ್ಕಿಂತ ಕಡಿಮೆ ತುಂಬಿದರೆ ಕೆಂಪು, ಮುಟ್ಟಿದರೆ ಹಸಿರು. ಅದನ್ನು ಅಪ್‌ಲೋಡ್ ಮಾಡಲು ನೆಟ್‌ವರ್ಕ್ ಹುಡುಕಿಕೊಂಡು ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಹೌಸಿನ ಮೇಲೆ ಹತ್ತಬೇಕಿತ್ತು, ಅದು ಬೇರೆ ಕಥೆ.

ಹಿಂದಿನ ಮಳೆಗಾಲ ಕೈಕೊಟ್ಟಿತ್ತು. ಫೆಬ್ರವರಿ ಕೊನೆಗೆ ಕೆರೆಯಲ್ಲಿ ಅರ್ಧ ನೀರೂ ಇರಲಿಲ್ಲ. ರೋಬಸ್ಟಾ ಹೂ ಅರಳಲು ಆಗ ನೀರು ಕೊಡಲೇಬೇಕು. ಹತ್ತು ಜೆಟ್, ಒಂದು ಸೆಟ್ಟಿಗೆ ಒಂದೂವರೆ ಎಕರೆ, ನಾಲ್ಕು ಗಂಟೆ ಓಡಿಸಿ ಪೈಪ್ ಬದಲಾಯಿಸುವುದು ಲಾಗಾಯ್ತಿನ ಪದ್ಧತಿ. ದಿನಕ್ಕೆ ನಾಲ್ಕು ಸೆಟ್, ಆರು ಎಕರೆ. ಮೊದಲ ಮೂರು ದಿನ ಹಾಗೇ ನಡೆಯಿತು. ಶೀಟು ಮೂರು ದಿನವೂ ಕೆಂಪು. ನಾಲ್ಕನೇ ದಿನ ನಾನು ಎರಡೂವರೆ ಗಂಟೆಗೇ ಇಳಿಸಿದೆ. ಆರು ಸೆಟ್, ಒಂಬತ್ತು ಎಕರೆ. ಬಿದ್ದ ನೀರು ಅಳೆಯುವ ರೇನ್ ಗೇಜ್ ಇಟ್ಟೇ ಇಳಿಸಿದ್ದು, ಕುರುಡಾಗಿ ಅಲ್ಲ. ಒಂದು ಇಂಚು ಹತ್ತು ಸೆಂಟು (ಇಂಚಿನ ನೂರನೇ ಒಂದು ಪಾಲು ಒಂದು ಸೆಂಟು) ತೋರಿಸಿತು. ಸಾಕಲ್ಲ!

ಸಂಜೆ ಮೇಸ್ತ್ರಿ ಗಿಡದ ಬುಡದಲ್ಲಿ ಕೂತು ಬೆರಳಲ್ಲಿ ಮಣ್ಣು ಕೆದಕಿದರು. ‘ಸಾರ್, ಮೇಲ್ಮೇಲೆ ತೇವ ಅಷ್ಟೆ. ಒಳಗೆ ಬೂದಿ.’

ಈಗ ಬರೆಯಲು ನಾಚಿಕೆಯಾಗುತ್ತದೆ. ಆಗ ನನ್ನ ತಲೆಗೆ ಬಂದದ್ದು ಮಣ್ಣಲ್ಲ, ರಾತ್ರಿ ಹಾಜರಿ. ಜೆಟ್ ಓಡುವಷ್ಟು ದಿನ ಪೈಪಿನ ಆಳುಗಳಿಗೆ ರಾತ್ರಿ ಕೆಲಸದ ಕೂಲಿಯನ್ನೂ ಹಾಜರಿಯಲ್ಲಿ ಬರೆಯುತ್ತೇವೆ. ಕೆಲಸ ಬೇಗ ಮುಗಿದರೆ ಅದಕ್ಕೆ ಕತ್ತರಿ. ‘ಕೂಲಿಗಾಗಿ ಕೆಲಸ ಎಳೀತಿದ್ದಾರೆ’ ಅಂದುಕೊಂಡೆ. ನಾಲ್ಕು ಸಲ ಹೊರುತ್ತಿದ್ದ ಪೈಪನ್ನು ಅವರು ಆರು ಸಲ ಹೊರುತ್ತಿದ್ದಾರೆ, ಅದೇ ಹಾಜರಿಗೆ, ಅನ್ನುವುದು ಆ ಶೀಟಿನ ಯಾವ ಕಾಲಂನಲ್ಲೂ ಇರಲಿಲ್ಲ. ತಲಾ ಆದಾಯದ ಪಟ್ಟಿ ತೆಗೆದರೆ ಚಿಕ್ಕಮಗಳೂರು ರಾಜ್ಯದ ಮೊದಲ ಐದು ಜಿಲ್ಲೆಗಳೊಳಗೆ ಬರುತ್ತದೆ. ಆ ಸರಾಸರಿಯಲ್ಲಿ ಪೈಪ್ ಹೊರುವವನ ತಲೆಯೂ ಎಣಿಕೆಯಾಗಿದೆ.

ಏಳೂವರೆ ದಿನದ ಕೆಲಸ ಆರು ದಿನಕ್ಕೆ ಮುಗಿಯಿತು. ಸಾಹುಕಾರ್ರಿಂದ ವಾಟ್ಸಾಪಿನಲ್ಲಿ ಹೆಬ್ಬೆರಳು ಬಂತು. ಎರಡು ಸಲ.

ಮೊದಲು ನೀರು ಕಂಡ ಹದಿನೆಂಟು ಎಕರೆ ಎಂಟನೇ ದಿನಕ್ಕೆ ಬೆಳ್ಳಗೆ ಅರಳಿತು. ಮಲ್ಲಿಗೆಯಂಥ ಆ ವಾಸನೆ ಆಳುಗಳ ಲೈನ್ ಮನೆಗಳವರೆಗೂ. ಮೂರು ದಿನ ಬಿಟ್ಟು, ಉಳಿದ ಇಪ್ಪತ್ತೇಳು ಎಕರೆ ನೋಡಲು ಬೆಳಿಗ್ಗೆ ಆರೂವರೆಗೆ ಹೋದೆ. ವಾಸನೆ ಇಲ್ಲ. ಗಾಳಿ ಆಚೆ ಕಡೆಗಿರಬೇಕು ಅಂದುಕೊಂಡೆ. ಜೇನಿನ ಸದ್ದೂ ಇಲ್ಲ. ಹತ್ತಿರ ಹೋಗಿ ರೆಕ್ಕೆ (ಗಿಡದ ಅಡ್ಡ ಕೊಂಬೆ) ಎಳೆದು ನೋಡಿದರೆ ಮೊಗ್ಗು ಅರ್ಧಕ್ಕೇ ಬಿರಿದು ನಿಂತಿದೆ. ಎಸಳು ಗಿಡ್ಡ, ಬಿರುಸು, ನಕ್ಷತ್ರದ ಹಾಗೆ, ತುದಿಯಲ್ಲಿ ನಸುಗೆಂಪು. ಪಕ್ಕದ ಗಿಡ ನೋಡಿದೆ. ಅದರ ಪಕ್ಕದ್ದು. ಮುಂದಿನ ಸಾಲು ಸರಿ ಇರಬಹುದು, ಅದರ ಮುಂದಿನದು ಇರಬಹುದು ಅಂತ ಓರೆಯ, ಅಂದರೆ ಇಳಿಜಾರಿನ, ಮೇಲಿನ ತುದಿಯವರೆಗೆ ನಡೆದೆ. ಮೇಲೆ ಹೋದಷ್ಟೂ ಕೆಟ್ಟದಾಗಿತ್ತು. ಪ್ರೆಶರ್ ಅಲ್ಲಿಗೆ ಸರಿಯಾಗಿ ಏರಿಯೇ ಇರಲಿಲ್ಲ. ನಾನು ಗೇಜ್ ಇಟ್ಟದ್ದೋ ರಸ್ತೆ ಪಕ್ಕ, ನೆರಳಿಲ್ಲದ ಬಯಲಲ್ಲಿ, ಎರಡು ಜೆಟ್‌ಗಳ ನೀರು ಒಟ್ಟಿಗೆ ಬೀಳುವ ಕಡೆ. ಓದಲು ಸುಲಭ ಅಂತ.

ಕೆಳಗೆ ಗೇಟಿನ ಹತ್ತಿರ ಜೀಪಿನ ಸದ್ದು ಕೇಳಿತು. ಬ್ಲಾಸಮ್ ತೋರಿಸಲು ಸಾಹುಕಾರ್ರು ನೆಂಟರನ್ನು ಕರೆದುಕೊಂಡು ಬಂದಿದ್ದರು. ಅವರು ಹತ್ತಿ ಬರಲು ಹತ್ತು ನಿಮಿಷ. ಆ ಹತ್ತು ನಿಮಿಷದಲ್ಲಿ ಬಿಸಿಲು, ಎಂಜಿನ್, ಡೀಸೆಲ್, ಮೇಸ್ತ್ರಿ ಎಲ್ಲರ ಮೇಲೂ ಹೊರಿಸಿ ನೋಡಿದೆ, ಮನಸ್ಸಲ್ಲೇ. ಯಾವುದೂ ನಿಲ್ಲಲಿಲ್ಲ. ಶೀಟಿನಲ್ಲಿ ನನ್ನ ಕೈಯಾರೆ ತುಂಬಿದ ಎರಡೂವರೆ ಗಂಟೆ ಇದೆಯಲ್ಲ. ‘ನಾನೇ ಟೈಮ್ ಇಳಿಸಿದ್ದು ಸಾರ್’ ಅಂದೆ. ಅವರು ಬೈಯಲಿಲ್ಲ. ನೆಂಟರಿಗೆ ‘ಆ ಕಡೆ ಬ್ಲಾಕ್ ಚೆನ್ನಾಗಿದೆ, ಬನ್ನಿ’ ಅಂದು ಹೊರಟರು. ಬೈದಿದ್ದರೆ ವಾಸಿಯಿತ್ತು.

ಎಕರೆಗೆ ಹನ್ನೆರಡು ಚೀಲ ಬರುತ್ತಿದ್ದ ಕಡೆ ಏಳು ಚೀಲ ಬಂತು. ಅದೂ ರೋಬಸ್ಟಾ ದರ ನಾವು ಕಂಡು ಕೇಳರಿಯದ ಎತ್ತರಕ್ಕೆ ಹೋಗಿದ್ದ ವರ್ಷ.

ಕೊಯ್ಲೆಲ್ಲಾ ಮುಗಿದ ಮೇಲೆ ಒಂದು ಸಂಜೆ ಸಾಹುಕಾರ್ರು ವಿಯೆಟ್ನಾಂ ವೀಡಿಯೋ ತೋರಿಸಿದರು. ಎರಡೂವರೆ ಎಕರೆ ತೋಟ, ಗಂಡ ಹೆಂಡತಿ ಇಬ್ಬರೇ. ಪ್ರತಿ ಗಿಡಕ್ಕೂ ಪಾತಿ. ಹೆಂಗಸು ಹೋಸ್ ಹಿಡಿದು ಪಾತಿ ತುಂಬುವವರೆಗೆ ಅಲ್ಲಾಡದೆ ನಿಂತಿದ್ದಾಳೆ. ಒಂದು ಸಲಕ್ಕೆ ನೂರಾರು ಲೀಟರ್, ಒಂದು ಬೇಸಿಗೆಗೆ ಮೂರ್ನಾಲ್ಕು ಸುತ್ತು. ಅಂತರ್ಜಲ ಬತ್ತುತ್ತಿದೆ ಅನ್ನುವ ಗೋಳು ಅಲ್ಲೂ ಇದೆ, ಅದನ್ನೇ ಮಾಡಿ ಅಂತ ನಾನು ಹೇಳುತ್ತಿಲ್ಲ. ಆದರೆ ಅವರನ್ನು ಹಿಡಿಯಲು ಹೊರಟ ನಾವು ಮೊದಲು ಮಾಡಿದ ಕೆಲಸ ನೀರು ಕಮ್ಮಿ ಮಾಡಿದ್ದು! ವೀಡಿಯೋ ನೋಡಿ ಇಬ್ಬರೂ ಏನೂ ಮಾತಾಡಲಿಲ್ಲ.

ಈ ಸಲ ಸೆಟ್ಟಿಗೆ ನಾಲ್ಕು ಗಂಟೆ. ಗೇಜ್ ನಾಲ್ಕಿವೆ, ಒಂದು ಓರೆಯ ತುದಿಯಲ್ಲಿ, ಒಂದು ಸಿಲ್ವರ್ ಓಕಿನ ಬುಡದಲ್ಲಿ. ಆದರೂ ಪೈಪ್ ಬದಲಾಯಿಸುವ ಮೊದಲು ಮೇಸ್ತ್ರಿ ಬೆರಳು ಹಾಕಿ ನೋಡಿ ಹೂಂ ಅನ್ನಬೇಕು. ರಾತ್ರಿ ಹಾಜರಿ ಪೂರ್ತಿ ಬರೆಯುತ್ತಿದ್ದೇನೆ. ಶೀಟು ಮಾತ್ರ ಹಾಗೇ ಇದೆ. ದಿನಾ ಸಂಜೆ ಪಲ್ಪರ್ ಹೌಸ್ ಹತ್ತಿ ‘6’ ಅಂತ ತುಂಬುತ್ತೇನೆ, ಕೆಂಪಾಗುತ್ತದೆ, ಇಳಿದು ಬರುತ್ತೇನೆ.