ಕಂಬದ ಬುಡ

ಇವತ್ತು ಮತ್ತೆ ಹಾಕಿ ನೋಡಿದ್ದು 2025ರ ವಿಶ್ವ ಚಾಂಪಿಯನ್‌ಶಿಪ್‌ನ ಗಂಡಸರ ಸ್ಲಾಲಮ್, ಹಿಮದ ಇಳಿಜಾರಲ್ಲಿ ಕಂಬಗಳನ್ನು ಸುತ್ತಿ ತಿರುಗುತ್ತಾ ಸ್ಕೀ ಮೇಲೆ ಇಳಿಯೋ ಸ್ಪರ್ಧೆ. ಆಸ್ಟ್ರಿಯಾದ ಸಾಲ್ಬಾಖ್.

ಮೊದಲ ಓಟದಲ್ಲಿ ಮುಂದಿದ್ದವನು ಫ್ರಾನ್ಸಿನ ಕ್ಲೆಮಾಂ ನೋಯೆಲ್. ಎರಡನೇ ಓಟದಲ್ಲಿ ಮೊದಲ 30 ಜನರನ್ನು ಹಿಂದುಮುಂದಾಗಿ ಬಿಡ್ತಾರೆ, ಹಾಗಾಗಿ ಅವರಲ್ಲಿ ಕೊನೆಗೆ ಇಳಿದ. ಅಷ್ಟರಲ್ಲಿ ದಾರಿ ಗುಂಡಿ ಬಿದ್ದಿರುತ್ತೆ. ಪಾಪ, ಗುರಿ ಮುಟ್ಟಲೇ ಇಲ್ಲ. ಚಿನ್ನ ಸ್ವಿಟ್ಜರ್‌ಲೆಂಡಿನ ಲೊಯಿಕ್ ಮೆಯಾರ್‌ಗೆ.

ಎಂಥಾ ಕಟ್ಟುನಿಟ್ಟು ಈ ಆಟದ್ದು!
ಎರಡೂ ಸ್ಕೀ ತುದಿ, ಎರಡೂ ಪಾದ ಗೇಟಿನ (ದಾರಿ ಗುರುತಿಸೋ ಕಂಬದ) ಗೆರೆ ದಾಟಲೇಬೇಕು. ಕೈ, ಮೊಣಕಾಲು ಕಂಬಕ್ಕೆ ಬಡಿದರೆ ತಪ್ಪಿಲ್ಲ. ಬುಡದಲ್ಲಿ ಕೀಲು ಇದೆ, ಬಾಗಿ ಮತ್ತೆ ಎದ್ದು ನಿಲ್ಲುತ್ತೆ. ಅದಕ್ಕೇ ಎಲ್ಲರೂ ಬುಡ ಸವರಿಕೊಂಡೇ ತಿರುಗೋದು.

ಒಳಗಿನ ಸ್ಕೀ ತುದಿ ಒಂದಿಂಚು ಆಚೆ ಹೋಯ್ತೋ, ಕಂಬ ಎರಡು ಕಾಲಿನ ನಡುವೆ. ಅಲ್ಲಿಗೆ ಓಟ ಮುಗೀತು.