ಮಾವಿನಿಂದ ಗೇರಿಗೆ ಹಗ್ಗ: ಚಗಳಿ ಕಾವಲಿನ ಟಿಪ್ಪಣಿ

ನವೆಂಬರ್

ಗೇರು ಚಿಗುರಿದೆ. ಚಿಗುರಿನ ಬೆನ್ನಿಗೇ ಟೀ ಸೊಳ್ಳೆ ಎಂಬ ತಿಗಣೆಯೂ ಹಾಜರು. ಅದು ರಸ ಹೀರಿದಲ್ಲಿ ಕಪ್ಪು ಕಲೆ, ಆಮೇಲೆ ಹೂಗೊಂಚಲೇ ಕರಟುತ್ತದೆ. ಇದೇ ಕೀಟಕ್ಕೆಂದು ಕಾಸರಗೋಡಿನ ಗೇರುಗುಡ್ಡೆಗಳ ಮೇಲೆ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದರು. ಆ ವಿಷದ ಸಂಕಟ ಉಂಡ ಎಣ್ಮಕಜೆ ಊರಿನ ಕಡೆಯವರಿಗೆ ಅದರ ಕಥೆ ಬಿಡಿಸಿ ಹೇಳಬೇಕಾಗಿಲ್ಲ. ಬದಿಯಡ್ಕದ ನಮ್ಮ ಗುಡ್ಡೆಗೆ ಔಷಧಿ ಬೇಡ, ಹಳೆಯ ಕಾಟು ಮಾವಿನಲ್ಲಿರುವ ಚಗಳಿಗಳೇ, ಎಂದರೆ ಎಲೆ ಹೆಣೆದು ಗೂಡು ಕಟ್ಟುವ ಕೆಂಪಿರುವೆಗಳೇ, ಕಾಯಲಿ ಎಂದು ತೀರ್ಮಾನಿಸಿದೆ. ಚೀನಾದವರು ಕಿತ್ತಳೆ ಮರಗಳ ನಡುವೆ ಬಿದಿರು ಕಟ್ಟಿ ಇವನ್ನು ದಾಟಿಸುವುದು ಹಳೆಯ ಪದ್ಧತಿ. ನನ್ನದು ನೈಲಾನ್ ಹಗ್ಗ.

ಕಟ್ಟುವ ಮೊದಲು ಒಂದು ಪರೀಕ್ಷೆ ಬೇಕು. ಒಂದು ಮರದ ಇರುವೆಯನ್ನು ಇನ್ನೊಂದರ ಮೇಲೆ ಬಿಟ್ಟು ನೋಡುವುದು. ಮೀಸೆ ತಾಗಿಸಿ ಸುಮ್ಮನಾದರೆ ಒಂದೇ ಮನೆಯವರು. ಕಾಲು ಹಿಡಿದೆಳೆದರೆ ಬೇರೆ ಮನೆ, ಅಲ್ಲಿಗೆ ಹಗ್ಗ ಕಟ್ಟಿದರೆ ಯುದ್ಧವೇ. ಬರೀ ಗೂಡು ಕಿತ್ತು ತಂದು ಇಟ್ಟರೂ ಆಗದು. ರಾಣಿ ಇರುವುದು ಹತ್ತಾರು ಗೂಡುಗಳಲ್ಲಿ ಒಂದರಲ್ಲಿ. ಅವಳಿಲ್ಲದ ಗೂಡಿನ ಕೆಲಸಗಾರ ಇರುವೆಗಳು ಮೆಲ್ಲಗೆ ಸತ್ತು ಮುಗಿಯುತ್ತವೆ.

ಡಿಸೆಂಬರ್

ಹಗ್ಗದ ಮೇಲೆ ಸಂಚಾರ ಜೋರು. ಗೇರಿನಲ್ಲಿ ಮೊದಲ ಗೂಡು ಕಟ್ಟುವುದನ್ನು ಏಣಿ ಹತ್ತಿ ಕೂತು ನೋಡಿದೆ. ಎಲೆಯಂಚು ಕಚ್ಚಿ ಸಾಲಾಗಿ ನಿಂತು ಎಳೆಯುತ್ತವೆ. ಎಟುಕದಿದ್ದರೆ ಒಬ್ಬಳ ಸೊಂಟ ಇನ್ನೊಬ್ಬಳು ಹಿಡಿದು ಸರಪಳಿಯಾಗುತ್ತಾರೆ. ಅಂಚುಗಳು ಹತ್ತಿರವಾದ ಮೇಲೆ ಕೆಲವರು ತಮ್ಮದೇ ಬಲಿತ ಮರಿಹುಳುವನ್ನು ಬಾಯಲ್ಲಿ ಕಚ್ಚಿ ತಂದು ಈ ಅಂಚಿನಿಂದ ಆ ಅಂಚಿಗೆ ಮುಟ್ಟಿಸುತ್ತಾರೆ, ನೇಕಾರನ ಲಾಳಿಯ ಹಾಗೆ. ನೂಲು ಬರುವುದು ಹುಳುವಿನಿಂದ ಮಾತ್ರ. ಚಗಳಿಯ ಹತ್ತಿರದ ನಂಟರಾದ ಹೆಚ್ಚಿನ ಜಾತಿಯ ಇರುವೆಗಳಲ್ಲಿ ಮರಿಹುಳು ಆ ನೂಲಿನಿಂದ ತನ್ನ ಕೋಶ ಹೆಣೆದುಕೊಳ್ಳುತ್ತದೆ. ಇಲ್ಲಿ ಅದೆಲ್ಲ ಗೂಡಿಗೇ ಖರ್ಚಾಗಿ ಪ್ಯೂಪಾ ಬರಿಮೈಯಲ್ಲಿ ಉಳಿಯುತ್ತದೆ.

ಹೊರಗೆ ಓಡಾಡುವವರೆಲ್ಲ ದೊಡ್ಡ ಗಾತ್ರದವರು. ಸಣ್ಣವರು ಒಳಗೇ ಇದ್ದು ಮೊಟ್ಟೆ-ಮರಿ ನೋಡಿಕೊಳ್ಳುತ್ತಾರೆ. ಗಡಿಯ ಗೂಡುಗಳಲ್ಲಿ ಇರುವವರು ಮುದುಕಿಯರಂತೆ; ಸಾಯುವ ಕೆಲಸ ವಯಸ್ಸಾದವರಿಗೆ ಎಂಬ ಲೆಕ್ಕ. ಮನುಷ್ಯರದ್ದು ತಿರುಗು ಲೆಕ್ಕ.

ಪಾದದ ಹಿಡಿತವೂ ಕಡಿಮೆಯದಲ್ಲ. ನುಣುಪು ಗಾಜಿನಿಂದ ತಲೆಕೆಳಗಾಗಿ ನೇತಾಡುತ್ತಲೇ ತನ್ನ ನೂರು ಪಟ್ಟು ಭಾರ ಕಚ್ಚಿ ಹಿಡಿದ ಚಗಳಿಯ ಫೋಟೋ ಇದೆ. ಮಿಡತೆಯೊಂದನ್ನು ಆರೇಳು ಮಂದಿ ಹಗ್ಗದ ಅಡಿಬದಿಯಲ್ಲೇ ಸಾಗಿಸಿದ್ದು ನೋಡಿದ ಮೇಲೆ ಅದನ್ನು ನಂಬುವುದು ಸುಲಭ.

ಸಾಲಿನಲ್ಲಿ ಒಬ್ಬಳು ಮಾತ್ರ ತಡವರಿಸುತ್ತಿದ್ದಳು. ಹತ್ತಿರದಿಂದ ನೋಡಿದರೆ ಕಾಲು ಎಂಟು! ಚಗಳಿಯ ವೇಷದ ಜೇಡ, ಮುಂಗಾಲೆತ್ತಿ ಮೀಸೆಯಂತೆ ಆಡಿಸುತ್ತಿತ್ತು.

ಜನವರಿ

ಹಗ್ಗ ಮುಟ್ಟಿದ ಮರಗಳಲ್ಲಿ ಕರಟಿದ ಗೊಂಚಲು ಕಡಿಮೆ ಕಾಣುತ್ತಿದೆ. ಆದರೆ ಕೆಲವು ರೆಂಬೆಗಳಲ್ಲಿ ಹಿಟ್ಟುತಿಗಣೆ ಹೆಚ್ಚಿದೆ. ಅದರ ಸಿಹಿದ್ರವ ಚಗಳಿಗೆ ಬೇಕು, ಹಾಗಾಗಿ ಅದಕ್ಕೂ ಇವರದೇ ಕಾವಲು. ಕಾವಲಿನ ಸಂಬಳ ಎಂದುಕೊಂಡಿದ್ದೇನೆ.

ಬೀಜ ಹೆಕ್ಕಲು ಬರುವ ಅಕ್ಕ ಈಗಲೇ ತಕರಾರು ತೆಗೆದಿದ್ದಾರೆ: “ಹಗ್ಗ ಕಟ್ಟಿದ್ದು ನೀವು ಅಣ್ಣ, ಕಚ್ಚಿಸಿಕೊಳ್ಳುವುದು ನಾವಾ?” ನ್ಯಾಯವೇ. ಕಚ್ಚಿದ ಗಾಯಕ್ಕೆ ಆಮ್ಲ ಬಿಡುವ ಜಾತಿ ಇದು. ಗೇರುಹಣ್ಣು ಬೀಳತೊಡಗಿದ ಮೇಲೆ ಕೈಗೆಟಕುವ ರೆಂಬೆಗಳ ಹಗ್ಗ ಬಿಚ್ಚುವುದು, ದೋಟಿ ಹಾಕುವ ಕೆಲಸ ನಾನೇ ಮಾಡುವುದು ಎಂದು ಒಪ್ಪಂದವಾಗಿದೆ. ಹಗ್ಗವಿಲ್ಲದ ಮರಗಳ ಬೀಜ ಬೇರೆಯೇ ತೂಗಿ ಇಡಲು ಅವರು ಒಪ್ಪಿದ್ದಾರೆ.