ಮಳೆ ಕೊನೆಗೂ 26ನೇ ಪುಟಕ್ಕೆ ಬಂತು

ಮಳೆಗೆ ಕಾಯುವ ಕಪ್ಪೆಮರಿಯ ಬಗ್ಗೆ ನಾನು ಮಾಡಿದ ಮಕ್ಕಳ ಚಿತ್ರಪುಸ್ತಕವನ್ನು ಏಳನೇ ಪ್ರಕಾಶಕರೂ ಬೇಡ ಅಂದರು. ಆದರೆ ಈ ಸಲ ಮೇಲ್‌ನಲ್ಲಿ ಒಂದು ಸಾಲು ಜಾಸ್ತಿ ಇತ್ತು: ‘ಮಳೆ ಬರುವುದು ಮೊದಲೇ ಗೊತ್ತಾಗಿಬಿಡುತ್ತದೆ.’ ಮೊದಲ ಆರು ಜನ ನನ್ನ ಕಪ್ಪೆಮರಿಯ ಹೆಸರನ್ನೂ ಎತ್ತಿರಲಿಲ್ಲ. ಇವರು ಓದಿದ್ದಾರೆ! ಆ ಸಾಲನ್ನು ಮೇಜಿನ ಎದುರಿಗೆ ಅಂಟಿಸಿಕೊಂಡೆ.

ಎರಡು ದಿನ ಮಾತುಗಳನ್ನೇ ತಿದ್ದಿದೆ. ಏನೂ ಆಗಲಿಲ್ಲ. ಸರಿ, ಡಮ್ಮಿ (ಪುಸ್ತಕದ ಹಾಗೇ ಮಡಚಿ ಹೊಲಿದ ಮಾದರಿ) ಮಾಡೋಣ ಅಂತ ಪ್ರಿಂಟಿಗೆ ಕೊಟ್ಟರೆ, ಅಂಗಡಿಯವರು ಹಾಳೆಯ ಹಿಂಬದಿಯನ್ನೆಲ್ಲ ತಲೆಕೆಳಗಾಗಿ ಹೊಡೆದುಕೊಟ್ಟರು. ಯಾವ ಅಂಚಿಗೆ ತಿರುಗಿಸಬೇಕು ಅಂತ ಚೀಟಿ ಬರೆದುಕೊಟ್ಟಿದ್ದೆ, ಆದರೂ! ಎರಡನೇ ಸಲ ಸರಿಯಾಗಿ ಬಂತು. ಮಡಚಿ, ಹೊಲಿದು, ಅಕ್ಕನ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಓದಿದೆ. 24ನೇ ಪುಟದಲ್ಲಿ ಕಪ್ಪೆಮರಿ ತಲೆ ಎತ್ತಿ ಆಕಾಶ ನೋಡುತ್ತದೆ. ನಾನಿನ್ನೂ ಆ ಸಾಲು ಓದುತ್ತಿದ್ದೆ, ಅಷ್ಟರಲ್ಲಿ ಅವಳ ಬೆರಳು ಬಲಗಡೆಯ ಹನಿಯ ಮೇಲೆ. “ಚಿಕ್ಕಿ, ಮಳೆ ಬಂತು!”

ಅಲ್ಲೇ ಇತ್ತು ತೊಂದರೆ. 24, 25 ಎದುರುಬದುರು ಪುಟ. ಮಗುವಿನ ಕಣ್ಣು ಅಕ್ಷರಕ್ಕೆ ಕಾಯುವುದಿಲ್ಲ. ಹನಿ ಬೀಳುವುದು ಹಾಳೆ ತಿರುಗಿಸಿದ ಮೇಲೆ, 26ರಲ್ಲಿ ಆಗಬೇಕು. ಆದರೆ 32 ಪುಟಕ್ಕೆ ಸುಮ್ನೆ ಒಂದು ಪುಟ ಸೇರಿಸೋಕಾಗಲ್ಲ, ಹದಿನಾರು ಪುಟದ ಎರಡು ಫಾರಂ (ಒಂದೇ ದೊಡ್ಡ ಹಾಳೆಯಲ್ಲಿ ಅಚ್ಚಾಗಿ ಮಡಚುವ ಕಟ್ಟು), ಅಷ್ಟೇ ಲೆಕ್ಕ. ಮುಂದೆ ಒಂದು ಸೇರಿಸಿದರೆ ಹಿಂದೆ ಒಂದು ಬಿಡಬೇಕು.

ಕಪ್ಪೆಮರಿ ಬಂಡೆಯ ಮೇಲೆ ಕಾಯುತ್ತಾ ಕೂರುವ 22ನೇ ಪುಟವನ್ನು 22-23 ಎರಡಕ್ಕೂ ಹರಡಿದೆ. ಒಂದಕ್ಷರ ಇಲ್ಲ, ಒಣನೆಲ, ದೊಡ್ಡ ಆಕಾಶ, ಮೂಲೆಯಲ್ಲಿ ಪುಟ್ಟ ಕಪ್ಪೆ. ಬಂಡೆ ಮಾತ್ರ ಸರಿಯಾಗಿ ಹೊಲಿಗೆಯ ನಡುವೆ ಬಂದು ಅರ್ಧ ಮುಳುಗಿತು, ಎಡಕ್ಕೆ ಸರಿಸಿ ಮತ್ತೆ ಬರೆದೆ. ಕೊನೆಯ ಎರಡು ಪುಟದ ಕುಣಿತವನ್ನು ಒಂದಕ್ಕೆ ತಂದೆ. ಅಲ್ಲಿ ನನಗೆ ಪ್ರಿಯವಾದ ಏಡಿ ಹೋಯಿತು. ಹೊಟ್ಟೆ ಉರಿಯಿತು, ನಿಜ.

ಏಡಿಗೆ ಬೇರೆ ಪುಸ್ತಕ ಬರುತ್ತದೆ. ಅಡ್ಡಕ್ಕೆ ನಡೆಯುವವನಿಗೆ ಹಿಂದೆ-ಮುಂದೆ ಮಡಚಿದ, ಎಳೆದರೆ ಬಿಚ್ಚಿಕೊಳ್ಳುವ ಉದ್ದ ಹಾಳೆಯೇ ಸರಿ, ಅಲ್ವಾ? ಪುಟ ತಿರುಗಿಸುವ ಗೋಜೇ ಇಲ್ಲ. ನಿನ್ನೆ ರಾತ್ರಿಯೇ ನಾಲ್ಕು ಮಡಿಕೆಯ ಸ್ಕೆಚ್ ಆಯಿತು.

ಇವತ್ತು ಬೆಳಿಗ್ಗೆ ಅಕ್ಕನ ಮಗಳಿಗೆ ಕಪ್ಪೆಮರಿಯ ಹೊಸ ಡಮ್ಮಿ ಓದಿದೆ. 25ನೇ ಪುಟದಲ್ಲಿ ಅವಳು ಸುಮ್ಮನಾದಳು. ಆಮೇಲೆ ಅವಳೇ ಹಾಳೆ ತಿರುಗಿಸಿದಳು, ನಿಧಾನವಾಗಿ. ಮಧ್ಯಾಹ್ನ ಎಂಟನೇ ಪ್ರಕಾಶಕರಿಗೆ ಕಳಿಸಿದೆ. ಉತ್ತರಕ್ಕೆ ಮೂರು ತಿಂಗಳು ಅಂತ ಬರೆದಿದ್ದಾರೆ. ಅಷ್ಟರಲ್ಲಿ ಏಡಿಗೆ ಬಣ್ಣ ಹಚ್ಚುತ್ತಿರುತ್ತೇನೆ.